ಘಟಸರ್ಪದ ರಾಣಿ

ನಮ್ಮ ಮಾವ ಆಡಿಸುತ್ತಿದ್ದ ಕಾರ್ಡಿನ ಆಟದಷ್ಟು ಪೆದ್ದು ಆಟವನ್ನು ನಾನು ಈ ವಯಸ್ಸಿನವರೆಗೂ ಬೇರೆಲ್ಲೂ ಕಂಡಿಲ್ಲ. ಡಬ್ಬಿಯ ಮೇಲೆ ರೆಕ್ಕೆ ಹಚ್ಚಿಕೊಂಡ ಒಬ್ಬ ಹುಡುಗಿ, ಅವಳ ಹಿಂದೆ ಒಂದು ಕೋಟೆ, ಕೋಟೆಯ ತುದಿಯಲ್ಲಿ ಹೊಗೆ ಬಿಡುತ್ತಾ ಕೂತ ಹಾವಿನಂಥ ಒಂದು ಪ್ರಾಣಿ. ಒಳಗೆ ಕೈಯಗಲದ ಬಣ್ಣಬಣ್ಣದ ಕಾರ್ಡುಗಳು. ಅವುಗಳಲ್ಲಿ ಬೇರೆ ಬೇರೆ ಕುಲಗಳು. ಒಂದೊಂದು ಕುಲಕ್ಕೂ ಒಬ್ಬ ರಾಜ, ಒಬ್ಬಳು ರಾಣಿ, ಒಬ್ಬ ಮುದುಕ, ಒಂದು ಮರಿ. ನಾಲ್ಕನ್ನೂ ಕೂಡಿಸಿದರೆ ಒಂದು ಸಂಸಾರ. ಹೆಚ್ಚು ಸಂಸಾರ ಕೂಡಿಸಿದವರು ಗೆದ್ದ ಹಾಗೆ. ಬೇಕಾದ ಕಾರ್ಡನ್ನು ಎದುರಿಗೆ ಕೂತವರ ಹತ್ತಿರ ಹೆಸರು ಹೇಳಿ ಕೇಳಬೇಕು. ಅವರ ಕೈಯಲ್ಲಿದ್ದರೆ ಕೊಡಲೇಬೇಕು, ಸಿಕ್ಕಿದವರು ಇನ್ನೊಂದನ್ನು ಕೇಳಬಹುದು; ಇಲ್ಲದಿದ್ದರೆ ಕೇಳಿದವರು ನಡುವಿನ ಕಟ್ಟಿನಿಂದ ಒಂದನ್ನು ಎಳೆದುಕೊಳ್ಳಬೇಕು. ಇಷ್ಟೇ. ಚಿಕ್ಕ ಮಕ್ಕಳಿಗೂ ಒಂದು ಮಧ್ಯಾಹ್ನಕ್ಕೆ ಸಾಕಾಗುವ ಈ ಆಟವನ್ನು ನಮ್ಮ ಮನೆಯ ದೊಡ್ಡವರು ವರ್ಷಗಟ್ಟಲೆ, ಸಂಜೆ ದೀಪ ಹಚ್ಚಿದ ಮೇಲೆ, ಪೂಜೆಗೆ ಕೂತ ಹಾಗೆ ಮುಖ ಗಂಟು ಹಾಕಿಕೊಂಡು ಆಡಿದರು. ನನ್ನ ನಾಲಿಗೆ ಕೊಂಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಒಬ್ಬರಾದರೂ ಆ ಸಂಜೆಗಳಲ್ಲಿ ನನ್ನ ಪಕ್ಕ ಕೂತಿದ್ದರೆ ಹಾಗೆ ಹೇಳುತ್ತಿರಲಿಲ್ಲ.

ನಮ್ಮದನ್ನು ಮನೆ ಅನ್ನುವುದೂ ಕಷ್ಟ. ಶೃಂಗೇರಿಯಲ್ಲಿ ಬಸ್ ಸ್ಟ್ಯಾಂಡಿನಿಂದ ದೇವಸ್ಥಾನದ ಕಡೆ ಹೋಗುವ ರಸ್ತೆಯಲ್ಲಿ ಅಜ್ಜಯ್ಯ ಕಟ್ಟಿಸಿದ ಒಂದು ಲಾಡ್ಜು. ಅದರ ಕೆಳಗಿನ ಅಂತಸ್ತಿನ ಹಿಂಭಾಗದಲ್ಲಿ ನಾವು. ಒಂದು ಅಡುಗೆಮನೆ, ಅದಕ್ಕೆ ತಾಗಿ ಎಲ್ಲರೂ ಮಲಗುವ ಕೋಣೆ, ಆಮೇಲೆ ಒಂದು ಉದ್ದನೆಯ ಪ್ಯಾಸೇಜು. ಪ್ಯಾಸೇಜೇ ನಮ್ಮ ಜಗಲಿ, ಅದೇ ಊಟದ ಮನೆ, ನಾನು ಓದುವ ಜಾಗವೂ ಅದೇ. ಅದರ ಒಂದು ತುದಿಗೆ ಅಪ್ಪಯ್ಯ ಕೂರುವ ಕೌಂಟರು, ಇನ್ನೊಂದು ತುದಿಗೆ ಬಿಸಿನೀರಿನ ಹಂಡೆ. ಹಾಗಾಗಿ ನಾನು ಅನ್ನ ಕಲಸುತ್ತಿದ್ದ ಹೊತ್ತಿಗೆ ಸರಿಯಾಗಿ ಒದ್ದೆ ಟವೆಲು ಸುತ್ತಿಕೊಂಡ ಯಾರೋ ಗಂಡಸು ಬಕೆಟ್ ಹಿಡಿದು ನನ್ನ ತಟ್ಟೆಯ ಪಕ್ಕ ನೀರು ಚೆಲ್ಲಿಕೊಂಡು ಹೋಗುತ್ತಿದ್ದ. ಯಾತ್ರಿಕರ ಭಕ್ತಿಯ ಬಗ್ಗೆ ಬೇರೆಯವರು ಬರೆದದ್ದನ್ನು ಓದಿದಾಗ ನನಗೆ ನಗು ಬರುತ್ತದೆ. ಬೆಳಿಗ್ಗೆ ದರ್ಶನಕ್ಕೆ ಮೊದಲು ಹೋಗಬೇಕೆಂದು ಪಕ್ಕದ ರೂಮಿನ ಮುದುಕಿಯ ಬಿಸಿನೀರನ್ನು ತಮ್ಮ ಬಕೆಟ್ಟಿಗೆ ಸುರಿದುಕೊಂಡು, ಆಮೇಲೆ ಹಣೆಗೆ ಕುಂಕುಮ ಇಟ್ಟು ಮೃದುವಾಗಿ ಮಾತಾಡುವವರನ್ನು ನೋಡುತ್ತಾ ನಾನು ದೊಡ್ಡವಳಾದೆ. ಇಂಥ ಜಗಳಗಳಿಗೆಲ್ಲ ಅಪ್ಪಯ್ಯನ ಹತ್ತಿರ ಒಂದು ನಗು ಇತ್ತು. ಬಾಯಿ ಅಗಲವಾಗುತ್ತಿತ್ತು, ಕಣ್ಣು ಮಾತ್ರ ಗೋಡೆ ನೋಡುತ್ತಿತ್ತು. ನೀರು ಬರಲಿಲ್ಲ ಅಂದರೂ ಅದೇ ನಗು, ತಿಗಣೆ ಕಚ್ಚಿತು ಅಂದರೂ ಅದೇ ನಗು. ಒಳಗೆ ಅಮ್ಮ ಏನಾದರೂ ಕೇಳಿದಾಗಲೂ ಅದೇ ನಗುವನ್ನು ತಂದು ಮುಂದಿಡುತ್ತಿದ್ದರು.

ಅಮ್ಮ ಹೆಚ್ಚು ಕೇಳುತ್ತಿರಲಿಲ್ಲ. ಅವಳು ಕೊಪ್ಪದ ಹತ್ತಿರದ ನಾರ್ವೆ ಅನ್ನುವ ಹಳ್ಳಿಯವಳು. ಮದುವೆಗೆ ಮೊದಲು ಕೊಪ್ಪಕ್ಕೆ ದಿನಾ ಬಸ್ಸಲ್ಲಿ ಹೋಗಿ ಹೊಲಿಗೆ ಕಲಿತಿದ್ದಳು. ಬರುವಾಗ ತವರಿನಿಂದ ಒಂದು ಹೊಲಿಗೆ ಮಿಷನ್ನು ತಂದಿದ್ದಳು. ಲಾಡ್ಜಿನ ಮುಂಭಾಗದಲ್ಲಿ, ರಸ್ತೆಗೆ ಕಿಟಕಿ ಇದ್ದ ಒಂದನೇ ನಂಬರಿನ ರೂಮನ್ನು ಹೊಲಿಗೆ ಅಂಗಡಿಗೆ ಬಿಟ್ಟುಕೊಡುತ್ತೇನೆಂದು ಅಜ್ಜಯ್ಯ ಎಲ್ಲರ ಎದುರೇ ಹೇಳಿದ್ದರಂತೆ. ಅಷ್ಟು ಹೇಳಿದ ಅಜ್ಜಯ್ಯ ಅದನ್ನು ಮಾಡುವ ಮೊದಲೇ ತೀರಿಕೊಂಡರು. ನನಗೆ ತಿಳಿವು ಬರುವ ಹೊತ್ತಿಗೆ ಮಿಷನ್ನು ಪ್ಯಾಸೇಜಿನಲ್ಲಿ ಹಳೇ ಬೆಡ್‌ಶೀಟು ಹೊದ್ದುಕೊಂಡು ನಿಂತಿತ್ತು, ಅದರ ಮೇಲೆ ಉಪ್ಪಿನಕಾಯಿ ಜಾಡಿ. ರಾತ್ರಿ ಯಾತ್ರಿಕರಿಗೆ ಅಮ್ಮ ಮಾಡಿದ ಸಾರು ಮಿಕ್ಕಿದರೆ ನಮಗೆ ಸಾರು, ಪಲ್ಯ ಮಿಕ್ಕಿದರೆ ಪಲ್ಯ. ಏನೂ ಮಿಕ್ಕದ ದಿನ ಅಮ್ಮ ಕೊತ್ತಂಬರಿ ಬೀಜ ಹುರಿದು ಗೊಜ್ಜು ಮಾಡುತ್ತಿದ್ದಳು. ನನಗೆ ಆ ದಿನಗಳೇ ಇಷ್ಟ. ಅದೊಂದೇ ಅಡುಗೆ ನಮಗೆ ಅಂತಲೇ ಆಗುತ್ತಿತ್ತು.

ನನ್ನ ಮಾವ, ಅಂದರೆ ಅಪ್ಪಯ್ಯನ ಅಕ್ಕನ ಗಂಡ, ನರಸಿಂಹರಾಜಪುರದಲ್ಲಿ ಹೆಡ್‌ಮಾಸ್ತರಾಗಿದ್ದು ರಿಟೈರಾದವರು. ಅಲ್ಲಿಯ ಮನೆಗೆ ಬೀಗ ಹಾಕಿ, ಸ್ವಲ್ಪ ದಿನ ತುಂಗೆಯ ದಡದಲ್ಲಿ ಮನಸ್ಸಿಗೆ ಶಾಂತಿ ಸಿಗಲಿ ಅಂತ ಅತ್ತೆಯ ಜೊತೆ ಬಂದರು. ನೇರ ಒಂದನೇ ನಂಬರಿಗೆ ಹೋಗಿ ಚಪ್ಪಲಿ ಬಿಟ್ಟರು. ಮಕ್ಕಳಿರಲಿಲ್ಲ. ಸ್ವಲ್ಪ ದಿನ ಅನ್ನುವುದು ಮುಗಿಯಲೇ ಇಲ್ಲ. ಅಜ್ಜಯ್ಯ ಕಟ್ಟಡವನ್ನು ಅಪ್ಪಯ್ಯ ಮತ್ತು ಅತ್ತೆ ಇಬ್ಬರ ಹೆಸರಿಗೂ ಮಾಡಿದ್ದರಿಂದ ಹೋಗಿ ಅನ್ನುವ ಬಾಯಿ ಯಾರಿಗೂ ಇರಲಿಲ್ಲ. ಮಾವ ತುಂಗೆಯ ದಡಕ್ಕೆ ಹೋದದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಅವರಿಗೆ ಬೇಕಾಗಿದ್ದದ್ದು ಒಂದು ಕ್ಲಾಸು. ಶಾಲೆ ತಪ್ಪಿಹೋಗಿತ್ತು, ನಾವು ಸಿಕ್ಕೆವು. ಊಟಕ್ಕೆ ಕೂತರೆ ಉಚ್ಚಾರ ತಿದ್ದುತ್ತಿದ್ದರು, ಅಪ್ಪಯ್ಯ ಕೌಂಟರಿನಲ್ಲಿ ಬರೆದ ಬೋರ್ಡಿನ ಒತ್ತಕ್ಷರ ತಿದ್ದುತ್ತಿದ್ದರು. ಅಮ್ಮ ಬಡಿಸಿದ ಹುಳಿಯನ್ನು ಬಾಯಿಗೆ ಹಾಕಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಉತ್ತರಪತ್ರಿಕೆಗೆ ಅಂಕ ಕೊಡುವ ಹಾಗೆ ‘ಪರವಾಗಿಲ್ಲ’ ಅನ್ನುತ್ತಿದ್ದರು. ಅತ್ತೆಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಬೆರಳಿನಿಂದ ಬಾಗಿಲಿಗೆ ಟಕಟಕ ಅಂತ ಹೊಡೆಯುತ್ತಿದ್ದರು, ಅತ್ತೆ ಎದ್ದು ಹೋಗುತ್ತಿದ್ದಳು.

ಕಾರ್ಡಿನ ಡಬ್ಬಿಯನ್ನು ಅವರು ಶಿವಮೊಗ್ಗದಿಂದ ತಂದರು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಆಡಿದರೆ ಸಂಸ್ಕಾರ ಬೆಳೆಯುತ್ತದೆ ಅಂತ ಯಾವುದೋ ಪೇಪರಿನಲ್ಲಿ ಓದಿದ್ದರಂತೆ. ಇಸ್ಪೀಟು ಅಂದರೆ ಮೂಗು ಮುರಿಯುವ ಮನುಷ್ಯ ಇದನ್ನು ‘ಬೌದ್ಧಿಕ ಕ್ರೀಡೆ’ ಅಂದರು. ಕಾರ್ಡಿನ ಮೇಲಿದ್ದ ಇಂಗ್ಲಿಷ್ ಹೆಸರುಗಳನ್ನು ನಾವು ಹೇಳುವ ಹಾಗಿರಲಿಲ್ಲ. ಎಲ್ಲಕ್ಕೂ ಅವರೇ ಕನ್ನಡ ಮಾಡಿದರು. ರೆಕ್ಕೆಯ ಹುಡುಗಿ ಯಕ್ಷಿಣಿ, ಹೊಗೆ ಬಿಡುವ ಪ್ರಾಣಿ ಘಟಸರ್ಪ, ಉರಿಯುವ ಹಕ್ಕಿ ಅಗ್ನಿವಿಹಂಗ, ಹಣೆಯಲ್ಲಿ ಕೋಡಿದ್ದ ಬಿಳಿ ಕುದುರೆ ಏಕಶೃಂಗಿ. ‘ಕುದುರೆ ಮರಿ ಇದ್ಯಾ?’ ಅಂತ ಅತ್ತೆ ಕೇಳಿದರೆ ಕೊಡುತ್ತಿರಲಿಲ್ಲ. ‘ಏಕಶೃಂಗಿಯ ಮರಿ ತಮ್ಮಲ್ಲಿ ಇದೆಯೇ?’ ಅಂತ ಪೂರ್ತಿ ವಾಕ್ಯ ಹೇಳಬೇಕು. ಅರವತ್ತು ದಾಟಿದ ಹೆಂಗಸು ಗಂಡನ ಹತ್ತಿರ ಹಾಗೆ ಕೇಳುವಾಗ ಅಪ್ಪಯ್ಯ ನಗುತ್ತಿದ್ದರು. ಅದೇ ನಗು.

ಯಾತ್ರಿಕರೆಲ್ಲ ಸಂಜೆಯ ಪೂಜೆಗೆ ಹೋಗಿ ಪ್ಯಾಸೇಜು ಖಾಲಿಯಾದ ಹೊತ್ತು ನಮ್ಮ ಆಟದ ಹೊತ್ತು. ಜಮಖಾನ ಹಾಸಿ ಐದು ಜನ ಕೂರುತ್ತಿದ್ದೆವು: ಮಾವ, ಅತ್ತೆ, ಅಪ್ಪಯ್ಯ, ಅಮ್ಮ, ನಾನು. ಅಮ್ಮನಿಗೆ ರಾತ್ರಿಯ ಅಡುಗೆ ಬಾಕಿ ಇರುತ್ತಿತ್ತು. ಆದರೂ ನಾಲ್ಕೇ ಜನ ಆದರೆ ಆಟಕ್ಕೆ ಕಳೆ ಇಲ್ಲ ಅಂತ ಮಾವ ಕೂರಿಸುತ್ತಿದ್ದರು. ಮಾವನಿಗೂ ಅಮ್ಮನಿಗೂ ಅದುವರೆಗೆ ನೇರ ಮಾತೇ ಕಡಿಮೆ. ಅವರಿಗೆ ಕಾಫಿ ಬೇಕಾದರೆ ಅತ್ತೆಯ ಮೂಲಕ ಹೇಳುವುದು, ಅಮ್ಮ ಲೋಟವನ್ನು ಬಾಗಿಲ ಹತ್ತಿರ ಇಟ್ಟು ಬರುವುದು. ಈ ಆಟದಿಂದಾಗಿ ಅಮ್ಮ ಅವರ ಮುಖ ನೋಡಿ, ‘ಅಣ್ಣಯ್ಯ, ಇದನ್ನ ಕೊಡಿ’ ಅಂತ ಕೇಳಬೇಕಾಯಿತು. ಮೊದಮೊದಲು ಅವಳ ದನಿ ಗಂಟಲಲ್ಲೇ ಇರುತ್ತಿತ್ತು. ‘ಕೇಳಿಸ್ಲಿಲ್ಲ, ಹಿಂದಿನ ಬೆಂಚಿಗೂ ಕೇಳ್ಬೇಕು’ ಅಂತ ಮಾವ ತಮಾಷೆ ಮಾಡುತ್ತಿದ್ದರು.

ಅವರು ಯಾವಾಗಲೂ ಗೆಲ್ಲುತ್ತಿದ್ದರು. ಅವರು ಸುಳ್ಳು ಹೇಳುತ್ತಾರೆ ಅಂತ ನನಗೆ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಒಂದು ಸಂಜೆ ಅತ್ತೆ ಅವರ ಹತ್ತಿರ ಯಕ್ಷಿಣಿಯ ಮುದುಕನನ್ನು ಕೇಳಿದಳು. ಕೈಯಲ್ಲಿದ್ದ ಕಾರ್ಡುಗಳನ್ನೆಲ್ಲ ಒಮ್ಮೆ ಗಂಭೀರವಾಗಿ ನೋಡಿ ‘ಇಲ್ಲ’ ಅಂದರು. ಅವರ ಸರದಿ ಬಂದಾಗ ಅತ್ತೆಯ ಕೈಯಿಂದ ಉಳಿದ ಯಕ್ಷಿಣಿಗಳನ್ನು ಒಂದೊಂದೇ ಕೇಳಿ ತಗೊಂಡು, ಅದೇ ಮುದುಕನ ಜೊತೆ ಸೇರಿಸಿ ನೆಲಕ್ಕೆ ಇಟ್ಟರು. ಅಷ್ಟರಲ್ಲಿ ಅವರು ಕಟ್ಟಿನಿಂದ ಒಂದು ಕಾರ್ಡೂ ಎಳೆದಿರಲಿಲ್ಲ. ನನಗೆ ಮೈ ಉರಿಯಿತು.

‘ಅದು ನಿಮ್ಮ ಹತ್ರಾನೇ ಇತ್ತಲ್ಲ ಮಾವ! ಅತ್ತೆ ಕೇಳಿದಾಗ ಇಲ್ಲ ಅಂದ್ರಿ!’

ಮಾವ ನನ್ನ ಕಡೆ ನೋಡಲಿಲ್ಲ. ಅಪ್ಪಯ್ಯನ ಕಡೆ ತಿರುಗಿದರು.

‘ಕೂಸಿಗೆ ಎಂತ ಕಲಿಸಿದ್ದೀಯ ಮಾರಾಯ? ದೊಡ್ಡವರ ಎದುರು ಹೀಗೆ ಮಾತಾಡೂದಾ?’

‘ಸಣ್ಣವಳು ಭಾವ, ಅವಳಿಗೆ ಆಟ ಗೊತ್ತಾಗೂದಿಲ್ಲ’ ಅಂದರು ಅಪ್ಪಯ್ಯ. ‘ನಿಮ್ಮ ಚಾಲಾಕಿ ನಮಗೇ ತಿಳಿಯೂದಿಲ್ಲ, ಇನ್ನು ಅವಳಿಗೆ ಎಲ್ಲಿಂದ.’

ಅಪ್ಪಯ್ಯನನ್ನು ನಾನು ಪ್ರೀತಿಸುತ್ತಿದ್ದೆ. ಆದರೆ ಆ ಮಾತು ಆಡಿದ ಅವರ ಬಾಯಿಯನ್ನು ನೋಡಿ ನನಗೆ ಹೇಸಿಗೆಯಾಯಿತು. ಆ ಹೇಸಿಗೆ ಪೂರ್ತಿ ಹೋಯಿತು ಅಂತ ಇವತ್ತೂ ಹೇಳಲಾರೆ. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಂದು ಬಣ್ಣದ ರಟ್ಟಿನ ಚೂರಿಗಾಗಿ ಒಬ್ಬ ಹೆಡ್‌ಮಾಸ್ತರು ಸುಳ್ಳು ಹೇಳುತ್ತಿದ್ದರು, ಒಂದು ಮನೆ ಪೂರ್ತಿ ಕೂತು ಅದನ್ನು ಜಾಣತನ ಅಂತ ಹೊಗಳುತ್ತಿತ್ತು. ಅಮ್ಮನ ಮೇಲೂ ನನಗೆ ಸಿಟ್ಟು. ಅಡುಗೆಮನೆಯಲ್ಲಿ ಅವಳು ಸೌತೆಕಾಯಿ ಹೆಚ್ಚುತ್ತಿದ್ದಾಗ ಹೋಗಿ ಕೇಳಿದೆ.

‘ನಿಂಗೆ ಗೊತ್ತಾಗ್ಲಿಲ್ವಾ?’

‘ಗೊತ್ತಾಯ್ತು.’

‘ಮತ್ತೆ ಎಂತಕ್ಕೆ ಸುಮ್ನೆ ಕೂತ್ಕೊಂಡಿ?’

ಅಮ್ಮ ಒಂದು ಹೋಳನ್ನು ಬಾಯಿಗೆ ಹಾಕಿಕೊಂಡು ಕಹಿ ಇದೆಯಾ ನೋಡಿದಳು.

‘ಯಾರ್ಯಾರ ಹತ್ರ ಯಾವ ಕಾರ್ಡಿದೆ ಅಂತ ನೆನಪಿಟ್ಕೊಳ್ಳೂದು ಕಲೀತಿದ್ದೇನೆ. ಹೋಗು, ಓದ್ಕೋ.’

ಅವತ್ತಿನಿಂದ ನಾನು ಆಟವನ್ನು ಬಿಟ್ಟು ಅಮ್ಮನನ್ನು ನೋಡತೊಡಗಿದೆ. ಅವಳು ಯಾರ ಕೈಯಿಂದ ಯಾವ ಕಾರ್ಡು ಹೋಯಿತು ಅನ್ನುವುದನ್ನು ಬಿಡದೆ ಗಮನಿಸುತ್ತಿದ್ದಳು. ಮಾವ ‘ಇಲ್ಲ’ ಅಂದಾಗ ಸುಮ್ಮನೆ ತಲೆಯಾಡಿಸಿ ಕಟ್ಟಿನಿಂದ ಒಂದನ್ನು ಎಳೆದುಕೊಳ್ಳುತ್ತಿದ್ದಳು. ಬೇಕಂತಲೇ ಅವರ ಹತ್ತಿರ ಇದ್ದದ್ದನ್ನೇ ಕೇಳುತ್ತಿದ್ದಳು ಅಂತ ನನಗೆ ಅನುಮಾನ. ಮನುಷ್ಯ ಎಷ್ಟು ದೂರ ಹೋಗುತ್ತಾನೆ ಅಂತ ಅಳೆಯುತ್ತಿದ್ದಳೋ ಏನೋ. ಅವಳ ದನಿ ಮಾತ್ರ ಗಂಟಲಿನಿಂದ ಹೊರಗೆ ಬಂದಿತ್ತು.

ಬೇಸಿಗೆ ರಜೆಯಲ್ಲಿ ಲಾಡ್ಜು ತುಂಬಿ ತುಳುಕುತ್ತಿದ್ದ ಒಂದು ದಿನ, ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ, ಮಾವ ಮಜ್ಜಿಗೆ ಅನ್ನ ಕಲಸುತ್ತಾ ಹೇಳಿದರು:

‘ಎನ್.ಆರ್. ಪುರದ ಮನೆ ಬಾಡಿಗೆಗೆ ಕೊಟ್ಟುಬಿಡೂದು ಅಂತ ಮಾಡಿದ್ದೇನೆ. ಪುಸ್ತಕದ ಬೀರು ಎಲ್ಲ ಇಲ್ಲಿಗೇ ತರ್ಸ್ತೇನೆ. ಒಂದನೇ ನಂಬರಲ್ಲಿ ಹಿಡೀತದೆ. ಆ ಪ್ಯಾಸೇಜಲ್ಲಿ ಮಿಷನ್ ಒಂದು ತುಕ್ಕು ಹಿಡೀತಾ ಇದೆಯಲ್ಲ, ಯಾರಿಗಾದ್ರೂ ಕೊಟ್ಟುಬಿಡು. ಬೀರು ಒಳಗೆ ತರೂದಕ್ಕೆ ಅದು ಅಡ್ಡ.’

ಅಪ್ಪಯ್ಯ ‘ನೋಡುವ ಭಾವ’ ಅಂದರು. ಅಮ್ಮ ಅವರಿಗೆ ಇನ್ನೊಂದು ಸೌಟು ಮಜ್ಜಿಗೆ ಬಡಿಸಿದಳು, ಒಂದು ಹನಿಯೂ ಎಲೆಯ ಹೊರಗೆ ಬೀಳಲಿಲ್ಲ. ನಾನು ಊಟ ಬಿಟ್ಟು ಎದ್ದುಹೋದೆ. ಯಾರೂ ಕರೆಯಲಿಲ್ಲ.

ಆ ಸಂಜೆಯೂ ಜಮಖಾನ ಹಾಸಿದರು. ಅಮ್ಮ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು; ಅದೊಂದೇ ಅವತ್ತು ಬೇರೆ. ಆಟ ಸ್ವಲ್ಪ ಹೊತ್ತು ಯಾವತ್ತಿನ ಹಾಗೇ ನಡೆಯಿತು. ಮಾವ ಅತ್ತೆಯ ಹತ್ತಿರ ಘಟಸರ್ಪದ ರಾಣಿಯನ್ನು ಕೇಳಿದರು, ಅತ್ತೆ ಕೊಟ್ಟಳು. ಅಪ್ಪಯ್ಯನ ಹತ್ತಿರ ಘಟಸರ್ಪದ ಮರಿಯನ್ನು ಕೇಳಿದರು, ಅದು ಅಪ್ಪಯ್ಯನ ಹತ್ತಿರ ಇರಲಿಲ್ಲ. ಅಮ್ಮನ ಸರದಿ ಬಂತು.

‘ಅಣ್ಣಯ್ಯ, ಘಟಸರ್ಪದ ರಾಣಿ ಕೊಡಿ.’

ಮಾವ ಕಾರ್ಡುಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ ನೋಡಿದರು.

‘ಇಲ್ಲ.’

‘ಇದೆ’ ಅಂದಳು ಅಮ್ಮ.

ಅಪ್ಪಯ್ಯನ ನಗು ತಯಾರಾಗುತ್ತಿತ್ತು, ಅರ್ಧಕ್ಕೆ ನಿಂತಿತು.

‘ಈಗ ತಾನೆ ಅತ್ತಿಗೆ ಕೈಯಿಂದ ತಗೊಂಡ್ರಿ. ಆಮೇಲೆ ಯಾರೂ ನಿಮ್ಮ ಹತ್ರ ಕೇಳಿಲ್ಲ, ನೀವು ಕೆಳಗೂ ಇಟ್ಟಿಲ್ಲ. ಇಲ್ಲದೆ ಎಲ್ಲಿಗೆ ಹೋಗ್ತದೆ?’

‘ಮಕ್ಕಳಾಟಕ್ಕೆ ಇಷ್ಟೆಲ್ಲ ವಕೀಲಿಕೆ ಮಾಡ್ಬಾರ್ದು ತಂಗಿ.’

‘ನಂಗೂ ಆಟ ಬೇಡ. ರೂಮು ಕೊಡಿ’ ಅಂದಳು ಅಮ್ಮ. ದನಿ ಏರಿಸಲಿಲ್ಲ. ‘ಮಾವಯ್ಯ ನಂಗೆ ಅಂತ ಹೇಳಿದ ರೂಮು ಅದು. ಅವರು ಹೇಳುವಾಗ ನೀವೂ ಅಲ್ಲೇ ಇದ್ರಿ. ನನ್ನ ಮಿಷನ್ನು ಯಾರಿಗೂ ಕೊಡೂದಿಲ್ಲ. ಬೀರು ಎನ್.ಆರ್. ಪುರದಲ್ಲೇ ಇರ್ಲಿ.’

ಮಾವ ಕೈಯಲ್ಲಿದ್ದ ಕಾರ್ಡುಗಳನ್ನು ಎಸೆದರು. ಯಕ್ಷಿಣಿಯರೂ ಕುದುರೆಗಳೂ ಪ್ಯಾಸೇಜಿನುದ್ದಕ್ಕೂ ಚೆಲ್ಲಿಕೊಂಡವು. ಕ್ಲಾಸಿನಲ್ಲಿ ಬೆತ್ತ ಸಿಗದಿದ್ದವರ ಹಾಗೆ ಅವರ ಕೈ ಅತ್ತ ಇತ್ತ ತಡಕುತ್ತಿತ್ತು.

‘ಕೇಳಿದ್ಯಾ ನಿನ್ನ ಹೆಂಡ್ತಿ ಮಾತನ್ನ? ನನ್ನನ್ನ ಸುಳ್ಳ ಅಂದ್ಳು!’

‘ಏ, ತಪ್ಪಾಯ್ತು ಅನ್ನು’ ಅಂದರು ಅಪ್ಪಯ್ಯ ಅಮ್ಮನಿಗೆ. ‘ಅಂದು ಮುಗಿಸು ಮಾರಾಯ್ತಿ.’

‘ಎಂತ ತಪ್ಪಾಯ್ತು ಅಂತ ನೀವೇ ಹೇಳಿ, ಅನ್ತೇನೆ.’

ಆಗ ಅತ್ತೆ ಕೂತಲ್ಲಿಂದಲೇ ಮುಂದಕ್ಕೆ ಬಗ್ಗಿ, ಮಾವನ ಕಾಲಬುಡದಲ್ಲಿ ಕವುಚಿ ಬಿದ್ದಿದ್ದ ಕಾರ್ಡುಗಳನ್ನು ಒಂದೊಂದಾಗಿ ಮಗುಚಿ ನೋಡಿದಳು. ಘಟಸರ್ಪದ ರಾಣಿ ಸಿಕ್ಕಿತು. ಅದನ್ನು ಸೆರಗಿನಿಂದ ಒರೆಸಿ ಅಮ್ಮನ ಮುಂದೆ ಇಟ್ಟಳು. ಮಾವ ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಬೆಳಿಗ್ಗೆ ದೋಸೆ ತಿಂದು, ಎರಡನೇ ಸಲ ಚಟ್ನಿ ಹಾಕಿಸಿಕೊಂಡು, ಕೈ ತೊಳೆದು ಬಂದು, ಇನ್ನು ಈ ಮನೆಯಲ್ಲಿ ಒಂದು ಲೋಟ ನೀರೂ ಮುಟ್ಟುವುದಿಲ್ಲ ಅಂತ ಘೋಷಿಸಿದರು. ಬ್ಯಾಗು ಕಟ್ಟಿ ಆಗಿತ್ತು. ಅದನ್ನು ಪ್ಯಾಸೇಜಿನ ನಡುವೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟು ನಿಂತರು. ಯಾರಾದರೂ ಬಂದು ಕಾಲಿಗೆ ಬೀಳುತ್ತಾರೆ ಅಂತ ಕಾಯುತ್ತಿದ್ದರು; ಅಷ್ಟು ನನಗೂ ಗೊತ್ತಾಯಿತು. ಅಪ್ಪಯ್ಯ ಕೌಂಟರಿನಿಂದ ಎದ್ದು ಬಂದು ‘ಭಾವ, ಭಾವ’ ಅಂತ ಎರಡು ಕೈ ಜೋಡಿಸಿದರು. ಮಾವ ಅವರನ್ನು ಲೆಕ್ಕಕ್ಕೆ ತಗೊಳ್ಳದೆ ಬಾಗಿಲ ಚೌಕಟ್ಟಿಗೆ ಬೆರಳಿನಿಂದ ಟಕಟಕ ಹೊಡೆದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

‘ಹೊರಡು’ ಅಂದರು.

‘ನೀವು ಹೋಗಿ’ ಅಂದಳು ಅತ್ತೆ, ಮೊರದಿಂದ ಕಣ್ಣು ಎತ್ತದೆ. ‘ನಾ ಬರೂದಿಲ್ಲ.’

‘ಎಂತ ಹೇಳಿದಿ?’

‘ಹಿಂದಿನ ಬೆಂಚಿಗೆ ಕೇಳಿಸ್ಲಿಲ್ವಾ? ನಾ ಬರೂದಿಲ್ಲ ಅಂದೆ. ಇದು ನನ್ನ ಅಪ್ಪಯ್ಯ ಕಟ್ಸಿದ್ದು.’

ನಾನು ಮಹಡಿ ಹತ್ತಿ ಮುಂದಿನ ಬಾಲ್ಕನಿಯಿಂದ ನೋಡಿದೆ. ಮಾವ ಬ್ಯಾಗು ಹಿಡಿದು ಬಸ್ ಸ್ಟ್ಯಾಂಡಿಗೆ ಹೋದರು. ಕಾರ್ಡಿನ ಡಬ್ಬಿಯನ್ನು ಮಾತ್ರ ಮರೆಯದೆ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಅಷ್ಟು ವರ್ಷ ಬದುಕಿದ ಹೆಂಡತಿಯನ್ನು ಬಿಟ್ಟು, ರೆಕ್ಕೆಯ ಹುಡುಗಿಯನ್ನು ಕರೆದುಕೊಂಡು ಹೋಗುವ ಗಂಡಸನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಕೊಪ್ಪದ ಬಸ್ಸು ಬಂತು, ಹೋಯಿತು. ಅವರು ಹತ್ತಲಿಲ್ಲ. ಬೆಂಚಿನ ಮೇಲೆ ಕೂತು ನಮ್ಮ ಲಾಡ್ಜಿನ ಕಡೆಯೇ ನೋಡುತ್ತಿದ್ದರು. ನಾನು ಕೆಳಗಿಳಿದು ಬಂದೆ. ಅಪ್ಪಯ್ಯ ಚಪ್ಪಲಿ ಮೆಟ್ಟಿಕೊಂಡು ಕರೆತರಲು ಹೊರಟಾಗ ಅಮ್ಮ ತಡೆಯಲಿಲ್ಲ.

‘ಹೋಗಿ, ಕರ್ಕೊಂಡು ಬನ್ನಿ’ ಅಂದಳು. ‘ಮೇಲೆ ಒಂದು ರೂಮು ಇವತ್ತು ಬೆಳಿಗ್ಗೆ ಖಾಲಿಯಾಗಿದೆ. ಯಾತ್ರಿಕರ ಹಾಗೆ ಎಷ್ಟು ದಿನ ಬೇಕಾದ್ರೂ ಇರ್ಲಿ. ಒಂದನೇ ನಂಬರು ಇಲ್ಲ.’

ಅಪ್ಪಯ್ಯ ಮೆಟ್ಟಿಲ ಮೇಲೆ ನಿಂತರು. ಒಂದು ಕಡೆ ಬಸ್ ಸ್ಟ್ಯಾಂಡು, ಒಂದು ಕಡೆ ಅಮ್ಮ. ಆ ಹೊತ್ತಿಗೆ ಅವರ ಮುಖದಲ್ಲಿ ನಗು ಇರಲಿಲ್ಲ. ಅದಿಲ್ಲದ ಮುಖವನ್ನು ನಾನು ಮೊದಲ ಸಲ ನೋಡಿದೆ. ವಯಸ್ಸಾದವರ ಮುಖ, ಸುಸ್ತಾದ ಮುಖ. ಚಪ್ಪಲಿ ಬಿಟ್ಟು ಒಳಗೆ ಬಂದರು. ಒಂದನೇ ನಂಬರಿನ ಬೀಗದ ಕೈಯನ್ನು ಕೌಂಟರಿನ ಮೊಳೆಯಿಂದ ತೆಗೆದು ಅಮ್ಮನ ಕೈಗೆ ಕೊಟ್ಟರು. ಹಾಗೆ ಅಂತ ಅವರನ್ನು ಶೂರ ಅಂತ ಕರೆಯಲು ನಾನು ತಯಾರಿಲ್ಲ. ಮಾಡಲೇಬೇಕಾಗಿದ್ದದ್ದನ್ನು ಅಷ್ಟು ವರ್ಷ ತಡವಾಗಿ ಮಾಡಿದರು, ಅದೂ ಹೆಂಗಸರಿಬ್ಬರು ಮಾಡಿ ಮುಗಿಸಿದ ಮೇಲೆ. ಇನ್ನೊಂದು ಬಸ್ಸು ಬಂದಾಗ ಮಾವ ಹತ್ತಿದರು.

ಅತ್ತೆ ಕೊನೆಯವರೆಗೂ ನಮ್ಮ ಜೊತೆಗೇ ಇದ್ದಳು. ಒಂದನೇ ನಂಬರಿನ ಹೊಲಿಗೆ ಅಂಗಡಿಯಲ್ಲಿ ಅಮ್ಮ ಹೊಲಿದ ಬಟ್ಟೆಗೆ ಗುಂಡಿ ಹಚ್ಚುತ್ತಾ, ಕಿಟಕಿಯಿಂದ ರಸ್ತೆಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದಳು. ಅವಳಿಗೆ ಅಷ್ಟು ಮಾತು ಬರುತ್ತದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಾವ ಹಬ್ಬಕ್ಕೊಮ್ಮೆ ಬರುತ್ತಿದ್ದರು, ಮೇಲಿನ ರೂಮಿನಲ್ಲಿ ಇದ್ದು ಹೋಗುತ್ತಿದ್ದರು. ಅಮ್ಮ ಊಟ ಬಡಿಸುತ್ತಿದ್ದಳು. ನಾನು ಅವರ ಜೊತೆ ಮಾತಾಡುತ್ತಿರಲಿಲ್ಲ. ಹೋಗಲಿ ಬಿಡು, ವಯಸ್ಸಾದವರು ಅಂತ ಎಷ್ಟೋ ಜನ ಹೇಳಿದರು. ವಯಸ್ಸಾದದ್ದು ಅವರಿಗೆ, ಅವರ ಸುಳ್ಳಿಗೆ ಅಲ್ಲ.

ಅವರು ತೀರಿಕೊಂಡಾಗ ನಾನು ಕೆಲಸಕ್ಕೆ ಸೇರಿಯಾಗಿತ್ತು. ಎನ್.ಆರ್. ಪುರದಲ್ಲಿ ಹಳೇ ವಿದ್ಯಾರ್ಥಿಗಳು ಒಂದು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ಅತ್ತೆಯನ್ನು ಕರೆದುಕೊಂಡು ನಾನೂ ಹೋದೆ. ಹಾರ ಹಾಕಿದ ಫೋಟೋದ ಪಕ್ಕ ನಿಂತು ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಬ್ಯಾಂಕಿನವರು, ವಕೀಲರು, ಕಾಫಿ ವ್ಯಾಪಾರದವರು. ಸತ್ಯ ಹೇಳುವುದನ್ನು ಅವರಿಂದ ಕಲಿತೆವು ಅಂತ ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನಗೆ ಕೂರಲಾಗುತ್ತಿರಲಿಲ್ಲ, ಎದ್ದು ಹೋಗೋಣ ಅಂತ ಅತ್ತೆಯ ಮೊಣಕೈ ಹಿಡಿದೆ. ಅಷ್ಟರಲ್ಲಿ ಕೊನೆಗೆ ಮೇಷ್ಟ್ರ ಮನೆಯವರು ಎರಡು ಮಾತು ಹೇಳಬೇಕು ಅಂತ ಮೈಕನ್ನು ತಂದು ಅತ್ತೆಯ ಮುಂದೆ ಹಿಡಿದರು. ಬೇಡ ಅನ್ನುತ್ತಾಳೆ ಅಂದುಕೊಂಡೆ. ಅವಳು ಎದ್ದು ನಿಂತು ಸೆರಗು ಸರಿ ಮಾಡಿಕೊಂಡಳು.

‘ಅವರು ಒಳ್ಳೇ ಮೇಷ್ಟ್ರು ಅಂತ ನೀವೆಲ್ಲ ಹೇಳಿದ್ರಿ’ ಅಂದಳು. ಸಭೆಯೆಲ್ಲ ತಲೆಯಾಡಿಸಿತು. ‘ಇದ್ದಿರಬಹುದು. ನಾನು ಶಾಲೆಗೆ ಹೋದವಳಲ್ಲ.’

ಅಷ್ಟು ಹೇಳಿ ಕೂತಳು. ಜನ ಚಪ್ಪಾಳೆ ತಟ್ಟಿದರು.